ವರದಿಗಾರನೂ ಮಲಪ್ರಭೆಯೂ

ಚುನಾವಣೆಯ ದಿನಾಂಕ ಪ್ರಕಟವಾಯಿತೆಂದರೆ ಪತ್ರಿಕಾ ಕಚೇರಿಗಳಲ್ಲಿ ಕ್ಷೇತ್ರಗಳ ನಕ್ಷೆಗಳು ಮೇಜಿನ ಮೇಲೆ ಹರಡಿಕೊಳ್ಳುತ್ತವೆ. ಯಾವ ವರದಿಗಾರನು ಎತ್ತ ಹೋಗಬೇಕೆಂಬುದು ನಿಶ್ಚಯವಾಗುತ್ತದೆ. ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂಬ ನಾಲ್ಕು ವಿಧಾನಸಭಾ ಕ್ಷೇತ್ರಗಳು ಯಾರ ಪಾಲಿಗೆ ಬರುತ್ತವೆಯೋ ಅವನು ಹೆಗಲಿಗೆ ಚೀಲವನ್ನು ಏರಿಸಿಕೊಂಡು ಬಸ್ಸು ಹಿಡಿಯುತ್ತಾನೆ. ಸಂಪಾದಕರು ಅವನಿಂದ ಅಪೇಕ್ಷಿಸುವುದು ಹೆಚ್ಚಿನದೇನಲ್ಲ: ಕಣದಲ್ಲಿ ಯಾರು ಯಾರಿದ್ದಾರೆ, ಯಾವ ಸಮುದಾಯದ ಮತಗಳು ಎಷ್ಟಿವೆ, ಗಾಳಿ ಯಾರ ಕಡೆಗೆ ಬೀಸುತ್ತಿದೆ. ಈ ಮೂರಕ್ಕೂ ಉತ್ತರ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿಯೇ ದೊರೆಯುವುದುಂಟು. ಅಷ್ಟನ್ನು ಬರೆದುಕೊಂಡು ಸಂಜೆಯ ಬಸ್ಸಿಗೆ ಹಿಂದಿರುಗುವವರೂ ಇದ್ದಾರೆ. ಆದರೆ ಊರೊಳಗೆ ಕಾಲಿಟ್ಟು, ಹೊಲದ ಬದುವಿನ ಮೇಲೆ ಕುಳಿತು ಮಾತನಾಡುವ ವರದಿಗಾರನಿಗೆ ಗಾಳಿ ಎಂಬ ಮಾತಿಗೆ ಬೇರೊಂದು ಅರ್ಥವೂ ಇದೆಯೆಂಬುದು ಬಹುಬೇಗ ಹೊಳೆಯುತ್ತದೆ.

ಈ ನಾಲ್ಕು ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿರುವುದು ಮಲಪ್ರಭಾ ನದಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ ಅದು ಹುಟ್ಟುತ್ತದೆ. ಕಿತ್ತೂರು ಸೀಮೆಯ ಎಂ.ಕೆ. ಹುಬ್ಬಳ್ಳಿಯನ್ನು ಹಾದು, ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ಮಗ್ಗುಲಲ್ಲಿ ಹರಿದು, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ರಾಮದುರ್ಗವನ್ನು ಮುಟ್ಟುತ್ತದೆ. ಮುಂದೆ ಪಟ್ಟದಕಲ್ಲು ಐಹೊಳೆಗಳ ಗುಡಿಗಳನ್ನು ನೋಡಿಕೊಂಡು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಒಟ್ಟು ಸುಮಾರು 300 ಕಿಲೋಮೀಟರುಗಳ ಪಯಣ. ಹುಟ್ಟುವ ಜಾಗದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ರಾಮದುರ್ಗದ ಬಯಲಿನಲ್ಲಿ ಆರುನೂರರ ಆಸುಪಾಸು. ಮೇಲಿನವರ ಮಳೆಯನ್ನು ಕೆಳಗಿನವರು ಉಣ್ಣುವ ನಾಡು ಇದು.

ಪಶ್ಚಿಮದಿಂದ ಹೊರಟವನಿಗೆ ಮೊದಲು ಎದುರಾಗುವುದು ಕಿತ್ತೂರು. ಅಲ್ಲಿ ಯಾವ ಪಕ್ಷದ ಸಭೆಯೇ ಇರಲಿ, ಭಾಷಣ ಆರಂಭವಾಗುವುದು ರಾಣಿ ಚೆನ್ನಮ್ಮನ ಹೆಸರಿನಿಂದ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯವು ಕಂಪನಿ ಸರಕಾರದ ದಂಡನ್ನು ಸೋಲಿಸಿತು. ಧಾರವಾಡದ ಅಧಿಕಾರಿ ಥ್ಯಾಕರೆ ಅಂದು ಹತನಾದನು. ಡಿಸೆಂಬರಿನಲ್ಲಿ ಮತ್ತೆ ಬಂದ ದೊಡ್ಡ ಸೈನ್ಯಕ್ಕೆ ಕೋಟೆ ಬಿದ್ದಿತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ಕೊನೆಯುಸಿರೆಳೆದಳು. ಈ ಕಥೆಯನ್ನು ನಾಡಿನ ಮನೆಮನೆಗೆ ತಲುಪಿಸಿದ್ದು ಪಠ್ಯಪುಸ್ತಕವೊಂದೇ ಅಲ್ಲ. 1961ರಲ್ಲಿ ಬಿ.ಆರ್. ಪಂತುಲು ಅವರು ನಿರ್ದೇಶಿಸಿದ ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಿ ಬಿ. ಸರೋಜಾದೇವಿಯವರು ರಾಣಿಯ ಪಾತ್ರವನ್ನು ವಹಿಸಿದರು. ಅನೇಕರ ಮನಸ್ಸಿನಲ್ಲಿ ಚೆನ್ನಮ್ಮನಿಗೆ ಇಂದಿಗೂ ಅವರದೇ ಮುಖ, ಅವರದೇ ಧ್ವನಿ. 2012ರಲ್ಲಿ ಸಂಗೊಳ್ಳಿ ರಾಯಣ್ಣನೂ ಬೆಳ್ಳಿತೆರೆಗೆ ಬಂದನು. 2007ರಲ್ಲಿ ಸಂಸತ್ ಭವನದ ಆವರಣದಲ್ಲಿ ರಾಣಿಯ ಪ್ರತಿಮೆ ನಿಂತಿತು. ಪ್ರತಿವರ್ಷ ಅಕ್ಟೋಬರಿನಲ್ಲಿ ಸರಕಾರವೇ ಕಿತ್ತೂರು ಉತ್ಸವವನ್ನು ನಡೆಸುತ್ತದೆ.

ವೀರರನ್ನು ಸ್ಮರಿಸುವುದರಲ್ಲಿ ತಪ್ಪೇನಿದೆ ಎಂದು ಯಾರಾದರೂ ಕೇಳಬಹುದು. ತಪ್ಪಿಲ್ಲ. ವರದಿಗಾರನಿಗೆ ತೋರುವ ವಿಚಿತ್ರವೇ ಬೇರೆ. ಉಮೇದುವಾರರು ಕತ್ತಿಯನ್ನು ಎತ್ತಿ ಹಿಡಿದು ಚಿತ್ರ ತೆಗೆಸಿಕೊಳ್ಳುತ್ತಾರೆ. ಆ ಕತ್ತಿ ಯಾವ ಕಾರಣಕ್ಕೆ ಒರೆಯಿಂದ ಹೊರಬಂದಿತೆಂಬ ಮಾತು ಮಾತ್ರ ಭಾಷಣದಲ್ಲಿ ಬರುವುದು ಅಪರೂಪ. ರಾಯಣ್ಣನ ಬಂಡಾಯದ ಬುಡದಲ್ಲಿ ನೆಲದ ಪ್ರಶ್ನೆಯಿತ್ತು. ಹೊಸ ಸರಕಾರವು ಇನಾಮು ಭೂಮಿಗಳ ಮೇಲೆ ಕೈಯಿಟ್ಟಿತು, ಕಂದಾಯವನ್ನು ಏರಿಸಿತು. ಅವನು ಮೊದಲು ಬೆಂಕಿಯಿಟ್ಟದ್ದು ಸರಕಾರದ ಕಚೇರಿಗೆ, ಅಲ್ಲಿದ್ದ ದಫ್ತರಗಳಿಗೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಹೊಲ, ಕಂದಾಯ, ಬೆಳೆ ಎಂಬ ನಿತ್ಯದ ಸಂಗತಿಗಳಿಂದಲೇ ಹುಟ್ಟಿದ ವೀರನನ್ನು ಕುದುರೆಯ ಮೇಲೆ ಕೂರಿಸಿ, ಹೊಲವನ್ನು ಮರೆತುಬಿಡುವುದು ಸುಲಭ.

ಬೈಲಹೊಂಗಲಕ್ಕೆ ಬಂದ ವರದಿಗಾರನು ತನ್ನ ಪೂರ್ವಿಕರ ಊರಿಗೆ ಬಂದಂತೆಯೇ ಸರಿ. ಪತ್ರಿಕೆಗಳು ಹಳ್ಳಿಗೆ ಕಾಲಿಡುವುದಕ್ಕೆ ಬಹಳ ಹಿಂದೆಯೇ ಇಲ್ಲಿ ಸುದ್ದಿಯನ್ನು ಊರಿಂದೂರಿಗೆ ಒಯ್ಯುವ ಮಂದಿ ಇದ್ದರು. ಅವರು ಲಾವಣಿಕಾರರು. ಕೈಯಲ್ಲಿ ಡಪ್ಪು, ಜೊತೆಗೆ ತುಂತುಣಿ, ಹಿಂದೆ ಗೀ ಗೀ ಎಂದು ಸೊಲ್ಲು ಹಿಡಿಯುವ ಮೇಳ. ಜಾತ್ರೆಯಲ್ಲೋ ಸಂತೆಯಲ್ಲೋ ನಿಂತು ಹಾಡಿದರೆಂದರೆ ಕಳೆದ ವರ್ಷ ನಡೆದುದು ಈ ವರ್ಷ ನೂರು ಊರಿಗೆ ತಿಳಿಯುತ್ತಿತ್ತು. ಮುಂಬಯಿ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಶಾಸನತಜ್ಞ ಜಾನ್ ಫ್ಲೀಟನು 1880ರ ದಶಕದಲ್ಲಿ ಇಂಥ ಕೆಲವು ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ ಎಂಬ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಅವುಗಳ ವಸ್ತುವನ್ನು ನೋಡಿದರೆ ಒಂದು ದಿನಪತ್ರಿಕೆಯ ಮುಖಪುಟವನ್ನು ನೋಡಿದಂತಾಗುತ್ತದೆ. ಸಂಗೊಳ್ಳಿ ರಾಯಣ್ಣನ ದಂಗೆ ಒಂದು. ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದ್ದು ಒಂದು. ಕಿತ್ತೂರಿನ ಸೊಸೆಯ ಗೋಳು ಒಂದು. ಸಂಗ್ಯಾನ ಕೊಲೆ ಒಂದು. ಇನ್ನೊಂದು, ಆಶ್ಚರ್ಯವೆನಿಸಬಹುದು, ಸರಕಾರವು ಹೊಸದಾಗಿ ಹೇರಿದ ಆದಾಯ ತೆರಿಗೆ! ತೆರಿಗೆಯ ಸುದ್ದಿಯನ್ನು ತಾಳಕ್ಕೆ ಕೂರಿಸಿ ಜನ ನಿಂತು ಕೇಳುವಂತೆ ಮಾಡಿದ ಆ ಹೆಸರಿಲ್ಲದ ಕವಿಯ ಮುಂದೆ ಆಯವ್ಯಯವನ್ನು ವಿವರಿಸುವ ಇಂದಿನ ಪತ್ರಕರ್ತರು ತಲೆಬಾಗಬೇಕು.

ಸಂಗ್ಯಾನ ಕಥೆ ನಡೆದುದು ಬೈಲಹೊಂಗಲದಲ್ಲಿಯೇ. ಗೆಳೆತನ, ಮೋಹ, ನಂಬಿಕೆದ್ರೋಹ ಮತ್ತು ಕೊಲೆಗಳಿಂದ ಕೂಡಿದ ಆ ಘಟನೆ ಲಾವಣಿಯಾಯಿತು. ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟವಾಗಿ ಉತ್ತರ ಕರ್ನಾಟಕದ ರಂಗಗಳನ್ನೆಲ್ಲ ಆಳಿತು. ಮುಂದೆ ಚಂದ್ರಶೇಖರ ಕಂಬಾರರ ಕೈಯಲ್ಲಿ ಹೊಸ ರೂಪವನ್ನೂ ಪಡೆಯಿತು. ನೂರು ವರ್ಷಗಳಿಗೂ ಮಿಕ್ಕಿ ಒಂದು ಊರಿನ ಕೊಲೆಯನ್ನು ಜನ ಮರೆಯಲಿಲ್ಲವೆಂದರೆ ಹಾಡಿನ ಬಲ ಎಂಥದೆಂಬುದನ್ನು ಊಹಿಸಬಹುದು. ಈಗಲೂ ಹಾಡು ಸತ್ತಿಲ್ಲ. ಮೊಬೈಲ್ ಫೋನಿನಲ್ಲಿ ಹೊಸ ಜಾನಪದ ಗೀತೆಗಳು ದಿನಕ್ಕೊಂದರಂತೆ ಹುಟ್ಟುತ್ತವೆ. ಚುನಾವಣೆ ಬಂದಾಗ ಅದೇ ಧಾಟಿಯಲ್ಲಿ ಉಮೇದುವಾರನ ಹೆಸರನ್ನು ಸೇರಿಸಿ, ಧ್ವನಿವರ್ಧಕ ಕಟ್ಟಿದ ವಾಹನದ ಮೇಲೆ ಓಣಿಓಣಿಗೂ ಕೇಳಿಸುತ್ತಾರೆ. ಹಿಂದಿನ ಲಾವಣಿಕಾರನೂ ಬಿದಾಗಿಗೆ ಹಾಡುತ್ತಿದ್ದನು, ನಿಜ. ಆದರೆ ಕೇಳುವವರು ಕೊಟ್ಟ ಬಿದಾಗಿ ಬೇರೆ, ಹೊಗಳಿಸಿಕೊಳ್ಳುವವನು ಕೊಟ್ಟ ಸಂಬಳ ಬೇರೆ.

ಬೈಲಹೊಂಗಲದಿಂದ ಪೂರ್ವಕ್ಕೆ ಹೋದಂತೆ ಎರೆಭೂಮಿ ವಿಸ್ತಾರವಾಗುತ್ತದೆ. ಹತ್ತಿ, ಬಿಳಿಜೋಳ, ಕಡಲೆ, ಕುಸುಬಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಗೋವಿನಜೋಳ, ಸೋಯಾ ಅವರೆಗಳೂ, ನೀರು ಸಿಕ್ಕಲ್ಲೆಲ್ಲ ಕಬ್ಬೂ ಕಾಣಿಸುತ್ತವೆ. ಸವದತ್ತಿಯ ವಿಧಾನಸಭಾ ಕ್ಷೇತ್ರಕ್ಕೆ ಸರಕಾರದ ಕಾಗದದಲ್ಲಿಯೂ ‘ಸವದತ್ತಿ ಯಲ್ಲಮ್ಮ’ ಎಂದೇ ಹೆಸರು. ದೇವಿಯ ಹೆಸರನ್ನು ಹೊತ್ತ ಕ್ಷೇತ್ರದಲ್ಲಿ ಮತ ಕೇಳುವವರು ಮೊದಲು ಗುಡ್ಡವನ್ನು ಹತ್ತದೆ ವಿಧಿಯಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಲಕ್ಷಾಂತರ ಜನ ಭಂಡಾರವನ್ನು ತೂರುತ್ತ, ಉಧೋ ಎನ್ನುತ್ತ ಇಲ್ಲಿಗೆ ಬರುತ್ತಾರೆ. ಚೌಡಿಕೆಯ ನಾದ ಇರುಳೆಲ್ಲ ಕೇಳಿಸುತ್ತದೆ. ಆ ನಾದವನ್ನು ಮೆಚ್ಚಿ ಬರೆಯುವ ವರದಿಗಾರನು, ಅದೇ ಗುಡ್ಡದಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದರೆಂಬುದನ್ನೂ, ಆ ಪದ್ಧತಿಯನ್ನು ನಿಷೇಧಿಸಲು 1982ರಲ್ಲಿ ಕರ್ನಾಟಕವು ಶಾಸನವನ್ನು ಮಾಡಬೇಕಾಯಿತೆಂಬುದನ್ನೂ ಬಿಡದೆ ಬರೆಯಬೇಕು. ಜನಪ್ರಿಯವಾದುದೆಲ್ಲ ಜನಹಿತವಾದುದೇನೂ ಅಲ್ಲ.

ಗುಡ್ಡದಿಂದ ಸ್ವಲ್ಪವೇ ದೂರದಲ್ಲಿ ನವಿಲುತೀರ್ಥ. ಎರಡು ಬೆಟ್ಟಗಳ ನಡುವೆ ನದಿ ನುಗ್ಗಿ ಹೋಗುವ ಇಕ್ಕಟ್ಟಿನಲ್ಲಿ ಕಟ್ಟಿದ ಅಣೆಕಟ್ಟು, ಹಿಂದೆ ರೇಣುಕಾಸಾಗರ. ಪೂರ್ಣ ತುಂಬಿದರೆ 37.73 ಶತಕೋಟಿ ಘನ ಅಡಿ ನೀರು. ಸುತ್ತಣ ತಾಲ್ಲೂಕುಗಳ ಕಾಲುವೆಗಳಿಗೂ ಹುಬ್ಬಳ್ಳಿ–ಧಾರವಾಡದ ನಲ್ಲಿಗಳಿಗೂ ಇದೇ ಆಧಾರ. ಈ ನೀರು ಚುನಾವಣೆಯ ವಿಷಯವಾಗಿಲ್ಲವೆಂದು ಹೇಳಲಾಗದು. ಒಮ್ಮೆ ಆಗಿತ್ತು, ಬಹಳ ಬಿರುಸಾಗಿಯೇ ಆಗಿತ್ತು. ಕಾಲುವೆ ತೋಡಿದ ಮೇಲೆ ಜಮೀನಿನ ಬೆಲೆ ಏರಿತೆಂಬ ಲೆಕ್ಕದಿಂದ ಸರಕಾರವು ರೈತರಿಗೆ ಅಭಿವೃದ್ಧಿ ಕರವನ್ನು ವಿಧಿಸಿತು. ನೀರು ಬಂದವರಿಗೂ ಕರ, ಬಾರದವರಿಗೂ ಕರ. ಅದೇ ಹೊತ್ತಿಗೆ ವರಲಕ್ಷ್ಮಿ ಹತ್ತಿಯ ಬೆಲೆಯೂ ಬಿದ್ದಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಕೋಪ ಸ್ಫೋಟಿಸಿತು, ಗೋಲೀಬಾರು ನಡೆಯಿತು, ಜೀವಗಳು ಹೋದವು. ರಾಜ್ಯದ ರೈತ ಚಳವಳಿ ಬಲಗೊಂಡದ್ದು ಅಲ್ಲಿಂದ. 1983ರ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರಕಾರ ಬಂದುದಕ್ಕೆ ಕಾರಣಗಳು ಹಲವು. ಮಲಪ್ರಭೆಯ ದಂಡೆಯ ಈ ಕೋಪವೂ ಅವುಗಳಲ್ಲೊಂದು. ನೆಲದ ಪ್ರಶ್ನೆ ಮತಪೆಟ್ಟಿಗೆಯವರೆಗೆ ನಡೆದುಹೋಗಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಈ ಸೀಮೆಯಲ್ಲಿ ಮತ್ತೊಂದಿಲ್ಲ.

ಇತ್ತೀಚಿನ ಚುನಾವಣೆಗಳಲ್ಲಿ ನೀರಿನ ಮಾತೆಂದರೆ ಕಳಸಾ–ಬಂಡೂರಿಯ ಮಾತು. ಪಶ್ಚಿಮಕ್ಕೆ ಹರಿಯುವ ಮಹದಾಯಿಯ ಎರಡು ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಬೇಡಿಕೆ ಅದು. 2015ರಲ್ಲಿ ನರಗುಂದದಲ್ಲಿ ರೈತರು ದೀರ್ಘಕಾಲದ ಧರಣಿಗೆ ಕುಳಿತರು. 2018ರ ಆಗಸ್ಟಿನಲ್ಲಿ ನ್ಯಾಯಾಧಿಕರಣವು ತೀರ್ಪು ನೀಡಿ, ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90 ಶತಕೋಟಿ ಘನ ಅಡಿ ನೀರನ್ನು ತಿರುಗಿಸಿಕೊಳ್ಳಲು ಅವಕಾಶ ಕೊಟ್ಟಿತು. ಕುಡಿಯುವ ನೀರಿಗಾಗಿ ಕಾದಿರುವ ಊರುಗಳಿಗೆ ಇದು ಅಲ್ಪವೇನಲ್ಲ. ಆದರೂ ಲೆಕ್ಕ ಹಾಕುವ ವರದಿಗಾರನಿಗೆ ಒಂದು ಸಂಗತಿ ಥಟ್ಟನೆ ಕಾಣಿಸುತ್ತದೆ: ಒಂದು ಹನಿಯೂ ತಪ್ಪದೆ ಎಲ್ಲವೂ ಬಂದರೂ ಅದು ಜಲಾಶಯದ ಹತ್ತನೆಯ ಒಂದು ಪಾಲು ಮಾತ್ರ. ಉಳಿದ ಒಂಬತ್ತು ಪಾಲನ್ನು ತುಂಬಬೇಕಾದುದು ಮಲಪ್ರಭೆಯ ಮಳೆಯೇ. ಮೇಲ್ಭಾಗದಲ್ಲಿ ನದಿಯಿಂದ ನೇರವಾಗಿ ಪಂಪುಗಳಿಂದ ಎತ್ತುವ ನೀರೆಷ್ಟು, ಕಬ್ಬು ಕುಡಿಯುವುದೆಷ್ಟು, ಕಾಡು ತೆಳುವಾದುದರಿಂದ ಹಿಂಗದೆ ಹರಿದುಹೋಗುವುದೆಷ್ಟು ಎಂಬ ಪ್ರಶ್ನೆಗಳಿಗೆ ಪ್ರಣಾಳಿಕೆಗಳಲ್ಲಿ ಜಾಗವಿಲ್ಲ. ಹತ್ತನೆಯ ಪಾಲಿಗೆ ಘೋಷಣೆಗಳಿವೆ. ಒಂಬತ್ತು ಪಾಲಿಗೆ ಮೌನ.

ಈ ಮೌನ ಎಲ್ಲಿ ಒಡೆಯುತ್ತದೆಂದರೆ ಹೊಲದ ಬದುವಿನ ಮೇಲೆ. “ಓಟು ಕೇಳಾಕ ಬಂದೀರೇನ್ರಿ?” ಎಂದು ಅನುಮಾನದಿಂದಲೇ ಮಾತಿಗೆ ತೊಡಗುವ ಅಜ್ಜ, ಬಂದವನು ಪತ್ರಿಕೆಯವನೆಂದು ತಿಳಿದ ಮೇಲೆ, “ಹಂಗಾರ ಕುಂದರ್ರಿ, ಚಾ ತರಸ್ತೀನಿ” ಎನ್ನುತ್ತಾನೆ. ಮಾತು ಪಕ್ಷಗಳನ್ನು ದಾಟಿ ಮಳೆಗೆ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಈ ಭಾಗದ ಒಕ್ಕಲಿಗನಿಗೆ ಮಳೆಯೆಂದರೆ ನಕ್ಷತ್ರಗಳ ಲೆಕ್ಕ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆ ಅವನ ನಾಲಗೆಯ ತುದಿಯಲ್ಲಿಯೇ ಇದೆ. ಮಳೆ ಬಾರದಿದ್ದರೆ ಗುರ್ಜಿಯನ್ನು ಹೊತ್ತು ಮನೆಮನೆಗೆ ಹೋಗಿ ನೀರು ಹಾಕಿಸಿಕೊಳ್ಳುವ ಆಚರಣೆಯುಂಟು. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕುಳಿತು ಊರು ಸುತ್ತುವ ಜೋಕುಮಾರನೂ ಮಳೆಬೆಳೆಯನ್ನು ತರುವವನೇ. ಈ ಹಾಡು, ಗಾದೆ, ಆಚರಣೆಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಅವಸರದ ಮಾತು. ತಲೆಮಾರುಗಳ ಕಾಲ ಆಕಾಶವನ್ನು ನೋಡಿ ಕೂಡಿಟ್ಟ ಪಂಚಾಂಗ ಅದು. ಅಜ್ಜನ ದೂರು ಏನೆಂದರೆ ಆ ಪಂಚಾಂಗವೇ ಈಗ ಕೈಕೊಡುತ್ತಿದೆ. ಬಿತ್ತುವ ಹೊತ್ತಿಗೆ ಬಾರದ ಮಳೆ ಕೊಯ್ಯುವ ಹೊತ್ತಿಗೆ ಸುರಿಯುತ್ತದೆ. ತಿಂಗಳಲ್ಲಿ ಹದವಾಗಿ ಬೀಳಬೇಕಾದುದು ಮೂರು ದಿನಗಳಲ್ಲಿ ಬಿದ್ದುಹೋಗುತ್ತದೆ.

ವಿಜ್ಞಾನಿಗಳು ಹೇಳುವುದೂ ಇದಕ್ಕಿಂತ ತೀರ ಬೇರೆಯದಲ್ಲ. ಕಲ್ಲಿದ್ದಲು, ಪೆಟ್ರೋಲುಗಳನ್ನು ಉರಿಸಿದ್ದರಿಂದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಿ, 2011ರಿಂದ 2020ರ ದಶಕದ ವೇಳೆಗೆ ಭೂಮಿಯ ಸರಾಸರಿ ಉಷ್ಣತೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಏರಿತ್ತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆ ತೇವ ಬಿಡುಗಡೆಯಾಗುವಾಗ ಒಮ್ಮೆಗೇ ಸುರಿಯುತ್ತದೆ. ನಡುವಣ ದಿನಗಳು ಒಣಗುತ್ತವೆ. 1950ರಿಂದ 2015ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಮಧ್ಯಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟು ಹೆಚ್ಚಿದುದನ್ನು ತೋರಿಸಿತು. ಅರಬ್ಬೀ ಸಮುದ್ರದಿಂದ ಬರುವ ತೇವದ ಏರುಪೇರು ಅದಕ್ಕೆ ಮುಖ್ಯ ಕಾರಣವೆಂದಿತು. ಮಲಪ್ರಭೆಯ ಮಳೆಯೂ ಅದೇ ಸಮುದ್ರದಿಂದ ಬರತಕ್ಕದ್ದು.

ರಾಮದುರ್ಗದಲ್ಲಿ ಈ ಮಾತುಗಳಿಗೆ ಗೋಡೆಯೂ ಬಾಗಿಲೂ ಉಂಟು. 1948ರವರೆಗೆ ಅದು ಒಂದು ಚಿಕ್ಕ ಸಂಸ್ಥಾನ. ಪ್ರಜೆಗಳಿಗೆ ಮತವಿರಲಿಲ್ಲ, 1939ರ ಏಪ್ರಿಲಿನಲ್ಲಿ ಜನರು ಸೆರೆಮನೆಯನ್ನೇ ಒಡೆದು ಘೋರ ರಕ್ತಪಾತವಾದ ಊರು ಅದು. ಅಂಥವರಿಗೆ ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲಿ ದೊರೆತ ಮತಚೀಟಿಯ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2019ರ ಏಪ್ರಿಲ್ 23ರಂದು ಈ ಊರಿನವರು ಲೋಕಸಭೆಗೆ ಮತ ಹಾಕಿದರು. ಅದಾದ ನಾಲ್ಕೇ ತಿಂಗಳಿಗೆ, ಆಗಸ್ಟಿನಲ್ಲಿ, ಘಟ್ಟದ ಮೇಲೆ ಸುರಿದ ಮಳೆಗೆ ಜಲಾಶಯ ತುಂಬಿ ಬಾಗಿಲುಗಳನ್ನು ತೆರೆಯಬೇಕಾಯಿತು. ಹೊಳೆ ದಂಡೆಯನ್ನು ಮೀರಿ ರಾಮದುರ್ಗದ ಓಣಿಗಳಿಗೂ ತಾಲ್ಲೂಕಿನ ಹಳ್ಳಿಗಳಿಗೂ ನುಗ್ಗಿತು. ಇದು ನೇಕಾರರ ಊರು. ಕುಣಿಮಗ್ಗದಲ್ಲಿ ಕಾಲಿಳಿಸಿ ನೇಯುವವನ ಮನೆಗೆ ನೀರು ಬಂದರೆ ಮೊದಲು ತುಂಬುವುದು ಆ ಕುಣಿಯೇ. ಹಾಸು ಹೊಕ್ಕುಗಳು ಕೆಸರಾದ ಮೇಲೆ ಮನೆಯ ಗೋಡೆ ನಿಂತಿದ್ದರೂ ದುಡಿಮೆ ನಿಲ್ಲುತ್ತದೆ.

ಆ ಪ್ರವಾಹವನ್ನೆಲ್ಲ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವುದು ಸರಿಯಲ್ಲ. ಅಣೆಕಟ್ಟಿನ ಕೆಳಗೆ ವರ್ಷಗಟ್ಟಲೆ ನೀರು ಕಾಣದ ನದಿಯ ಪಾತ್ರವನ್ನು ಜನರು ಒತ್ತಿ ಉತ್ತರು; ಹೊಳೆ ಹಳ್ಳದಷ್ಟಾಯಿತು; ಹೊಳೆಯ ನೀರು ಬಂದಾಗ ಹಳ್ಳ ಸಾಲದಾಯಿತು. ಕಂದಾಯ ಇಲಾಖೆಯೂ ಪಂಚಾಯತಿಯೂ ನೋಡಿ ಸುಮ್ಮನಿದ್ದವು. ಒತ್ತುವರಿಯನ್ನು ತೆರವುಗೊಳಿಸುತ್ತೇನೆಂದು ಹೇಳಿ ಮತ ಕೇಳುವ ಧೈರ್ಯ ಯಾವ ಉಮೇದುವಾರನಿಗಿದೆ? ಪರಿಹಾರದ ಹಣವನ್ನು ಹೆಚ್ಚಿಸುತ್ತೇನೆನ್ನುವುದು ಸುಲಭ.

ನಾಲ್ಕು ವರ್ಷಗಳ ನಂತರ ಚಿತ್ರ ತಿರುಗಿತು. 2023ರ ಮೇ 10ರಂದು ವಿಧಾನಸಭೆಗೆ ಮತದಾನ. ಆ ವರ್ಷದ ಮುಂಗಾರು ತಡವಾಯಿತು. ಆಗಸ್ಟ್ ತಿಂಗಳಂತೂ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಆ ಬರದ ಬೇಸಿಗೆಯಲ್ಲಿಯೇ, 2024ರ ಮೇ 7ರಂದು, ಜನರು ಮತ್ತೆ ಮತಗಟ್ಟೆಗೆ ಬಂದರು. ಒಂದು ಚುನಾವಣೆಯ ಬೆನ್ನಿಗೆ ಪ್ರವಾಹ, ಇನ್ನೊಂದರ ಬೆನ್ನಿಗೆ ಬರ. ಎರಡೂ ಸಲ ಪ್ರಚಾರದ ಗದ್ದಲ ಮುಗಿದಮೇಲೆಯೇ ಆಕಾಶ ತನ್ನ ಮಾತನ್ನು ಹೇಳಿತು. ವರದಿಗಾರನ ತೊಡಕೂ ಇದೇ. ಕೊಲೆಗೆ ದಿನಾಂಕವಿದೆ, ದಂಗೆಗೆ ದಿನಾಂಕವಿದೆ, ಮತದಾನಕ್ಕಂತೂ ಇದ್ದೇ ಇದೆ. ಮಳೆಯ ಗುಣ ಬದಲಾದುದಕ್ಕೆ ದಿನಾಂಕವಿಲ್ಲ. ಇಂದೇ ಬರೆಯಬೇಕೆಂಬ ಒತ್ತಾಯವಿಲ್ಲದ ಸುದ್ದಿ ಅದು. ಆದಾಯ ತೆರಿಗೆಯನ್ನು ಹಾಡಾಗಿಸಿದ ಲಾವಣಿಕಾರನಿಗೆ ಈ ಸುದ್ದಿ ಸಿಕ್ಕಿದ್ದರೆ ಅವನು ಅದನ್ನು ಎಲ್ಲಿಂದ ಎತ್ತಿಕೊಳ್ಳುತ್ತಿದ್ದನೋ! ಬಹುಶಃ ಕೆಸರು ತುಂಬಿದ ಆ ಮಗ್ಗದ ಕುಣಿಯಿಂದ.

ನಕ್ಷೆಯನ್ನು ಮತ್ತೊಮ್ಮೆ ಬಿಡಿಸಿದರೆ ಇನ್ನೊಂದು ತೊಡಕು ಕಾಣಿಸುತ್ತದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳು ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ನದಿ ಹುಟ್ಟುವ ಖಾನಾಪುರವೂ ಅದರ ನೆರೆಯ ಕಿತ್ತೂರೂ ಉತ್ತರ ಕನ್ನಡ ಕ್ಷೇತ್ರದ ಪಾಲು. ಕೆಳದಂಡೆಯ ನರಗುಂದ, ಬಾದಾಮಿಗಳು ಬಾಗಲಕೋಟೆಯ ಪಾಲು. ಒಂದು ಹೊಳೆಗೆ ಮೂವರು ಸಂಸದರು. ಇಡೀ ಹೊಳೆಗೆ ಹೊಣೆಗಾರನಾದವನು ಒಬ್ಬನೂ ಇಲ್ಲ. ಬೆಳಗಾವಿ ಕ್ಷೇತ್ರವು 1996ರಲ್ಲಿ 456 ಉಮೇದುವಾರರನ್ನು ಕಂಡಿತ್ತು. ಗಡಿಯ ತಕರಾರನ್ನು ದೇಶದ ಕಣ್ಣಿಗೆ ಬೀಳಿಸಲು ಹೂಡಿದ ಉಪಾಯ ಅದು. ಅದೇ ಚುನಾವಣೆಯಲ್ಲಿ ಆಂಧ್ರದ ನಲ್ಗೊಂಡದಲ್ಲಿ 480 ಮಂದಿ ನಿಂತರು. ಅಲ್ಲಿಯ ಕಾರಣ ಫ್ಲೋರೈಡು ಬೆರೆತ ಕುಡಿಯುವ ನೀರು. ನೀರಿಗಾಗಿ ಮತಪತ್ರವನ್ನೇ ಪುಸ್ತಕವಾಗಿಸಿದ ಜನರೂ ಈ ದೇಶದಲ್ಲಿದ್ದಾರೆ.

2024ರ ಜೂನ್ 4ರಂದು ಮತ ಎಣಿಕೆ. ಪಂಚಾಂಗದ ಲೆಕ್ಕದಲ್ಲಿ ಅವು ರೋಹಿಣಿ ಮಳೆಯ ದಿನಗಳು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಮತಯಂತ್ರಗಳನ್ನು ಬೆಳಗಾವಿಯಲ್ಲಿ ತೆರೆದರು. ಕಿತ್ತೂರಿನವು ಘಟ್ಟವನ್ನಿಳಿದು ಸಮುದ್ರದಂಚಿನ ಕುಮಟಾಕ್ಕೆ ಹೋಗಿದ್ದವು. ಮುಂಗಾರಿನ ಮೋಡಗಳು ಸಮುದ್ರದಿಂದ ಹೊರಟು, ಅದೇ ಘಟ್ಟವನ್ನು ಹತ್ತಿ ಕಿತ್ತೂರಿನ ಕಡೆಗೆ ಬರಬೇಕಾದ ಕಾಲ ಅದು. ಎಣಿಕೆಯ ಕೇಂದ್ರದ ಹೊರಗೆ ಸುತ್ತುಸುತ್ತಿನ ಅಂಕಿಗಳನ್ನು ಬರೆದುಕೊಳ್ಳುತ್ತ ನಿಂತ ವರದಿಗಾರರ ಕೈಯಲ್ಲಿ ಪುಸ್ತಕವಿತ್ತು, ಲೇಖನಿಯಿತ್ತು. ಊರುಗಳಲ್ಲಿ ಕೂರಿಗೆಯನ್ನು ಸಜ್ಜು ಮಾಡಿಟ್ಟುಕೊಂಡವರು ಪಡುವಣ ದಿಕ್ಕನ್ನು ನೋಡುತ್ತಿದ್ದರು.